ಕಪ್ಪು ಬಟ್ಟೆಯೊಳಗೆ ತಲೆಕೆಳಗಾದ ದಂಡು

ಆಕಾಶ ಕೆಳಗೆ, ಕೆರೆ ಮೇಲೆ! ಬೆಂಗಳೂರು ದಂಡು ಪ್ರದೇಶದ ಹಲಸೂರು ಕೆರೆಯ ನಡುಗಡ್ಡೆಯ ಮರಗಳು ಬುಡಮೇಲಾಗಿ ನಿಂತಿವೆ. ದಂಡೆಯಲ್ಲಿ ಎಡದಿಂದ ಬಲಕ್ಕೆ ವಾಕಿಂಗ್ ಹೊರಟವರು ಗಾಜಿನ ಮೇಲೆ ಬಲದಿಂದ ಎಡಕ್ಕೆ ತಲೆಕೆಳಗಾಗಿ ನಡೆಯುತ್ತಾರೆ. ಎತ್ತರದಲ್ಲೆಲ್ಲೋ ಹಾರುವ ಹದ್ದು ಗಾಜಿನ ಕೆಳಗಿನ ಅಂಚಿನಲ್ಲಿ ಸುತ್ತು ಹಾಕುತ್ತಿದೆ. ಅಗಲ ಐದಿಂಚು, ಎತ್ತರ ನಾಲ್ಕಿಂಚು, ಅಷ್ಟೇ ಅಳತೆಯ ಒಂದು ಮಸುಕು ಗಾಜು. ಅದರ ಮೇಲೆ ಇಡೀ ಕೆರೆ ತನ್ನೆಲ್ಲ ಬಣ್ಣಗಳ ಸಮೇತ ಮಿಡಿಯುತ್ತಿದೆ. ಬ್ಯಾಟರಿಯಿಲ್ಲ, ತಂತಿಯಿಲ್ಲ, ಚಿಪ್ಪಿಲ್ಲ. ಮುಂದೊಂದು ಲೆನ್ಸು, ಹಿಂದೊಂದು ಗಾಜು, ನಡುವೆ ಕತ್ತಲು. ಬೆಳಕು ತಾನಾಗಿ ಬಂದು ಚಿತ್ರ ಬರೆಯುತ್ತದೆ. ಕಪ್ಪು ಬಟ್ಟೆ ಹೊದ್ದು ಮೊದಲ ಸಲ ಇದನ್ನು ಕಂಡವರು ಬೇಗ ಹೊರಗೆ ಬರುವುದಿಲ್ಲ. ಫೋಟೋ ತೆಗೆಯಬೇಕೆಂಬುದೇ ಮರೆತುಹೋಗಿ ನಾನು ಸುಮ್ಮನೆ ನೋಡುತ್ತಲೇ ನಿಂತುಬಿಟ್ಟೆ.

ಲಾರ್ಜ್ ಫಾರ್ಮ್ಯಾಟ್ ಎಂದು ಇವತ್ತು ಕರೆಯುವ ಈ ಕ್ಯಾಮೆರಾ ನಮ್ಮ ಹಿರಿಯರಿಗೆ ಅಪರಿಚಿತವೇನಲ್ಲ. ಮದುವೆ ಛತ್ರದ ಗ್ರೂಪ್ ಫೋಟೋ, ಹೈಸ್ಕೂಲಿನ ಬೀಳ್ಕೊಡುಗೆಯ ಫೋಟೋ ನೆನಪಿಸಿಕೊಳ್ಳಿ. ಮೂರು ಕಾಲಿನ ಸ್ಟ್ಯಾಂಡು, ಮರದ ಪೆಟ್ಟಿಗೆ, ಹಿತ್ತಾಳೆಯ ಲೆನ್ಸು, ಬಟ್ಟೆಯೊಳಗೆ ಮಾಯವಾಗಿ ಮತ್ತೆ ಹೊರಬಂದು 'ಯಾರೂ ಅಲ್ಲಾಡಬೇಡಿ' ಎಂದು ಕೈಯೆತ್ತುವ ಫೋಟೋಗ್ರಾಫರು. ಸ್ಟುಡಿಯೋದವರು ಇದನ್ನು ಅಳತೆಯಿಂದಲೇ ಹಾಫ್ ಪ್ಲೇಟು, ಫುಲ್ ಪ್ಲೇಟು ಎನ್ನುತ್ತಿದ್ದರು. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ತಯಾರಾಗತೊಡಗಿದ ವಾಗೀಶ್ವರಿ ಎಂಬ ಮರದ ಕ್ಯಾಮೆರಾ ದಕ್ಷಿಣದ ಸ್ಟುಡಿಯೋಗಳಲ್ಲಿ ದಶಕಗಟ್ಟಲೆ ದುಡಿಯಿತು. ಮಡಿಕೆ ಮಡಿಕೆಯಾಗಿ ಹಿಗ್ಗುವ ಅದರ ಚರ್ಮದ ತಿದಿ, ಹಿತ್ತಾಳೆಯ ಹಲ್ಲುಚಕ್ರ, ಮಡಚಿದರೆ ಸೂಟ್‌ಕೇಸಿನಷ್ಟಾಗುವ ಜಾಣತನ, ಎಲ್ಲವೂ ನಮ್ಮ ಬಡಗಿಗಳ ಕೈಯಲ್ಲೇ ಆದದ್ದು!

ಅಳತೆಯಲ್ಲಿದೆ ಮೊದಲ ಬೆರಗು. ರೀಲು ಹಾಕುವ ಹಳೆಯ 35 ಮಿ.ಮೀ. ಕ್ಯಾಮೆರಾದ ಒಂದು ನೆಗೆಟಿವ್ ಅಂಚೆಚೀಟಿಯಷ್ಟು. 4×5 ಇಂಚಿನ ಶೀಟ್ ಫಿಲಂ ಅದರ ಸುಮಾರು 15 ಪಟ್ಟು, 8×10 ಇಂಚಿನದು ಸುಮಾರು 60 ಪಟ್ಟು. ಕೆ.ಆರ್.ಪುರದ ಕೇಬಲ್ ಸೇತುವೆಯನ್ನು 4×5ರಲ್ಲಿ ತೆಗೆದು, ಒಣಗಿದ ನೆಗೆಟಿವ್ ಅನ್ನು ಬೆಳಕಿನ ಮೇಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು ಒಳಗೆ ಹೋಗಿ ನೋಡಿ. 'ಒಳಗೆ ಹೋಗಿ' ಎಂದೇ ಹೇಳಬೇಕು. ಕಂಬದ ತುದಿಯಿಂದ ಇಳಿಯುವ ಒಂದೊಂದು ಕೇಬಲ್ಲೂ ಬೇರೆ ಬೇರೆ. ಕೇಬಲ್ಲು ಸೇತುವೆಯನ್ನು ಕಚ್ಚಿ ಹಿಡಿದ ಜಾಗ. ತಡೆಗೋಡೆಯ ಮೇಲೆ ಅಂಟಿಸಿದ ಬಾಡಿಗೆ ಮನೆಯ ಚೀಟಿ. ದೂರದ ತಾರಸಿಯಲ್ಲಿ ಒಣಗಲು ಹಾಕಿದ ಸೀರೆಯ ಅಂಚು. 2003ರಲ್ಲಿ ತೆರೆದ ಈ ಸೇತುವೆಯ ಮೇಲೆ, ಕೆಳಗೆ, ಟ್ರಾಫಿಕ್ಕಿನಲ್ಲಿ ಕೂತು ಬೈದುಕೊಳ್ಳುತ್ತ ಲಕ್ಷಾಂತರ ಜನ ಹಾದುಹೋಗಿದ್ದೇವೆ. ಅದು ಇಷ್ಟು ಚೆಲುವಾಗಿದೆ ಎಂದು ನನಗೆ ಆ ಹಾಳೆ ಹೇಳುವವರೆಗೆ ಗೊತ್ತಿರಲಿಲ್ಲ.

ಇನ್ನೂ ದೊಡ್ಡ ಬೆರಗು ಕಾದಿದ್ದದ್ದು ಚರಿತ್ರೆಯಲ್ಲಿ. ಛಾಯಾಗ್ರಹಣ ಎಂಬುದು ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಅದಾಗಿ ಬರೀ 15 ವರ್ಷಕ್ಕೆ, 1854ರಲ್ಲಿ, ನಮ್ಮ ಬೆಂಗಳೂರಿನಲ್ಲಿದ್ದ ಮದ್ರಾಸ್ ಸೇನೆಯ ಅಧಿಕಾರಿಯೊಬ್ಬ ದೊಡ್ಡ ಕ್ಯಾಮೆರಾ ಕಟ್ಟಿಕೊಂಡು ಹಳೇಬೀಡು, ಬೇಲೂರಿಗೆ ಹೊರಟ. ಹೆಸರು ಲಿನಿಯಸ್ ಟ್ರೈಪ್. ಜೊತೆಗೆ ಆಂಡ್ರ್ಯೂ ನೀಲ್ ಎಂಬ ವೈದ್ಯ. ಹೊಯ್ಸಳರ ಕಲ್ಲು ಮೊದಲ ಬಾರಿಗೆ ಲೆನ್ಸಿನ ಎದುರು ನಿಂತ ದಿನಗಳು ಅವು. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಟ್ರೈಪ್ ಇಟ್ಟ 68 ಚಿತ್ರಗಳನ್ನು ನೋಡಿ ತೀರ್ಪುಗಾರರು ಮೆಚ್ಚಿದರು. ಅದೇ ವರ್ಷ ಅವನನ್ನು ಬರ್ಮಾದ ರಾಜನ ಆಸ್ಥಾನಕ್ಕೆ ಹೋಗುವ ನಿಯೋಗದ ಜೊತೆ ಫೋಟೋಗ್ರಾಫರಾಗಿ ಕಳಿಸಿದರು. ಇನ್ನೂರಕ್ಕೂ ಹೆಚ್ಚು ನೆಗೆಟಿವ್ ಹೊತ್ತು ಅವನು ಹಿಂದಿರುಗಿದ್ದು ಎಲ್ಲಿಗೆ? ಬೆಂಗಳೂರಿಗೆ!

ಈಗ ಸ್ವಲ್ಪ ಉಸಿರು ಹಿಡಿದು ಓದಿ. ಆ ಬರ್ಮಾ ಚಿತ್ರಗಳಲ್ಲಿ 120ನ್ನು ಆರಿಸಿ, ಒಂದೊಂದರದ್ದೂ 50 ಪ್ರತಿ ತೆಗೆಯಬೇಕಿತ್ತು. ಅಂದರೆ 6,000 ಚಿತ್ರ. ಎನ್‌ಲಾರ್ಜರಿನಲ್ಲಿ ಹಿಗ್ಗಿಸುವ ಕಾಲವಲ್ಲ ಅದು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹಾಗಾಗಿಯೇ ಟ್ರೈಪನ ನೆಗೆಟಿವ್‌ಗಳು ಸುಮಾರು 10 ಇಂಚು ಅಗಲ, 14 ಇಂಚು ಉದ್ದ, ಅವುಗಳನ್ನು ಹಿಡಿಯುವ ಕ್ಯಾಮೆರಾ ಇನ್ನೂ ದೊಡ್ಡದು. ಆ ನೆಗೆಟಿವ್‌ಗಳು ಗಾಜಿನವೂ ಅಲ್ಲ, ಮೇಣ ಕುಡಿಸಿ ಬೆಳಕು ಹಾಯುವಂತೆ ಮಾಡಿದ ಕಾಗದದವು. ಒಂದೊಂದನ್ನೂ ಬೆಳ್ಳಿಯ ಲವಣ ಸವರಿದ ಇನ್ನೊಂದು ಕಾಗದದ ಮೇಲೆ ಒತ್ತಿ, ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗೆ ಇಡಬೇಕು. ಬಿಸಿಲೇ ಅಚ್ಚಿನ ಯಂತ್ರ. ಸುಮಾರು 1857ರ ಆರಂಭದವರೆಗೂ ಈ ಕೆಲಸ ನಡೆಯಿತು. ಇವತ್ತು ಲಂಡನ್ನಿನ, ಅಮೆರಿಕದ ದೊಡ್ಡ ದೊಡ್ಡ ಸಂಗ್ರಹಾಲಯಗಳು ಮಂದ ಬೆಳಕಿನಲ್ಲಿ ಕಾಪಾಡುವ ಬರ್ಮಾದ ಪಗೋಡಗಳ ಚಿತ್ರಗಳು ಮೂಡಿದ್ದು ನಮ್ಮೂರ ಬಿಸಿಲಿನಲ್ಲಿ! ಎಂ.ಜಿ. ರಸ್ತೆಯಲ್ಲಿ ನಡೆಯುವಾಗ ಬೆನ್ನಿಗೆ ತಾಕುವ ಬಿಸಿಲನ್ನು ನಾನು ಈಗ ಬೇರೆ ಗೌರವದಿಂದ ನೋಡುತ್ತೇನೆ.

ಆ ಚಿತ್ರಗಳ ಮೋಡಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಂದಿನ ರಾಸಾಯನಿಕಕ್ಕೆ ನೀಲಿ ಬೆಳಕೆಂದರೆ ವಿಪರೀತ ಆಸೆ. ಆಕಾಶವೆಲ್ಲ ಬೆಳ್ಳಗೆ ಬೋಳಾಗಿಬಿಡುತ್ತಿತ್ತು. ಟ್ರೈಪ್ ಏನು ಮಾಡಿದ ಗೊತ್ತೆ? ಕುಂಚ ಹಿಡಿದು ನೆಗೆಟಿವ್ ಮೇಲೆಯೇ ಮೋಡ ಬರೆದ. ಎಲೆಗಳಿಗೆ, ನೀರಿನ ಮೇಲ್ಮೈಗೆ ಬೆಳಕು ತುಂಬಿದ. ಕಂಪನಿ ಸರ್ಕಾರಕ್ಕೆ ಬೇಕಿದ್ದದ್ದು ದಾಖಲೆ, ಅವನು ಕೊಟ್ಟದ್ದು ಕಾವ್ಯ.

1857ರ ಡಿಸೆಂಬರಿನಲ್ಲಿ ಅವನು ಬೆಂಗಳೂರಿನಿಂದ ಮತ್ತೆ ಹೊರಟ, ಈಗ ಮದ್ರಾಸ್ ಪ್ರಾಂತ್ಯದ ಅಧಿಕೃತ ಫೋಟೋಗ್ರಾಫರಾಗಿ, ನಾಲ್ಕು ಎತ್ತಿನ ಗಾಡಿ ತುಂಬ ಸಾಮಾನು ಹೇರಿಕೊಂಡು. ನಮ್ಮ ಗಡಿಯಾಚೆ ಇವತ್ತಿನ ಕೃಷ್ಣಗಿರಿ ಜಿಲ್ಲೆಯಲ್ಲಿರುವ ರಾಯಕೋಟೆಯ ಬೆಟ್ಟ, ಶ್ರೀರಂಗಂ, ತಿರುಚಿರಾಪಳ್ಳಿ, ಮಧುರೆ, ತಂಜಾವೂರು. ತಂಜಾವೂರಿನ ದೊಡ್ಡ ದೇವಾಲಯದ ಬುಡದ ಸುತ್ತ ಓಡುವ ಶಾಸನವನ್ನು 21 ಭಾಗಗಳಲ್ಲಿ ತೆಗೆದು ಒಂದರ ಪಕ್ಕ ಒಂದು ಅಂಟಿಸಿದ. ಒಟ್ಟು ಉದ್ದ ಸುಮಾರು 19 ಅಡಿ. ಫೋನನ್ನು ಎಡದಿಂದ ಬಲಕ್ಕೆ ಹೊರಳಿಸಿ ನಾವು ಪನೋರಮಾ ತೆಗೆಯುತ್ತೇವಲ್ಲ, ಅದನ್ನು ಅವನು ಕಾಗದ, ಮೇಣ, ಬೆಳ್ಳಿಯಲ್ಲಿ ಮಾಡಿದ್ದ. 1860ರ ಹೊತ್ತಿಗೆ ಸರ್ಕಾರ ಇದೆಲ್ಲ ದುಬಾರಿ ಎಂದು ಆ ಕೆಲಸಕ್ಕೆ ಬಾಗಿಲು ಹಾಕಿತು. ನನ್ನನ್ನು ಕೇಳಿದರೆ ಆ ಕಾಲದ ಖಜಾನೆ ಉಳಿಸಿದ ಅತ್ಯಂತ ನಷ್ಟದ ಹಣ ಅದು.

ಟ್ರೈಪ್ ಒಬ್ಬನೇ ಅಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ ಹಂಪಿಯನ್ನು ಅದಕ್ಕಿಂತ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಐವತ್ತು ರೂಪಾಯಿ ನೋಟಿನ ಹಿಂಬದಿಯ ಕಲ್ಲಿನ ರಥ ನಮಗೆಲ್ಲ ಗೊತ್ತು. ಗ್ರೀನ್‌ಲಾ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ! ಈಗ ಅದಿಲ್ಲ. ಅಂಥ ಹಳೆಯ ಹಾಳೆಗಳು ಇರದಿದ್ದರೆ ರಥ ಹಾಗಿತ್ತು ಎಂದು ಕಣ್ಣಾರೆ ನೋಡುವ ದಾರಿಯೇ ಇರುತ್ತಿರಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ಸ್ಟ್ಯಾಂಡು ಊರಿದ ಜಾಗಗಳನ್ನೇ ಹುಡುಕಿ ನಿಂತು, ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಒಂದೇ ನೆಲ, ಒಂದೇ ಕೋನ, ನಡುವೆ 127 ವರ್ಷ. ಎರಡನ್ನೂ ಅಕ್ಕಪಕ್ಕ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಸರಿ, ಇದೆಲ್ಲ ಆಗಿನ ಮಾತು. ಇವತ್ತು ಆ ಪೆಟ್ಟಿಗೆಯನ್ನು ಹೊತ್ತು ಶಿವಾಜಿನಗರಕ್ಕೆ ಹೋಗೋಣ. ಸೇಂಟ್ ಮೇರಿ ಬೆಸಿಲಿಕದ ಗೋಪುರವನ್ನು ಫೋನಿನಲ್ಲಿ ತೆಗೆದು ನೋಡಿ: ಎತ್ತರ ಹಿಡಿಯಲು ಫೋನನ್ನು ಮೇಲಕ್ಕೆ ವಾಲಿಸಿದ ಕೂಡಲೇ ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಇಲ್ಲಿ ಹಾಗಲ್ಲ. ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ, ಲೆನ್ಸು ಇರುವ ಮುಂದಿನ ಚೌಕಟ್ಟನ್ನು ಮಾತ್ರ ಮೆಲ್ಲಗೆ ಮೇಲಕ್ಕೆ ಸರಿಸಬೇಕು. ತಿದಿ ಬಾಗುತ್ತದೆ, ಹಿಂದಿನ ಗಾಜು ಕದಲುವುದಿಲ್ಲ. ಗಾಜಿನ ಮೇಲೆ ಗೋಪುರ ಒಂದು ಗೆರೆಯೂ ಸೊಟ್ಟಗಾಗದೆ ಶಿಲುಬೆಯವರೆಗೆ ಬಂದು ನಿಲ್ಲುತ್ತದೆ! ಕಟ್ಟಿದವರು ಕಂಡ ಹಾಗೆಯೇ. ನಾನು ಅದನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿ ನೋಡಿದೆ. ಪಕ್ಕದಲ್ಲಿ ನಿಂತು ಕುತೂಹಲದಿಂದ ಇಣುಕುತ್ತಿದ್ದ ಹುಡುಗರಿಗೆ ಬಟ್ಟೆ ಎತ್ತಿ ತೋರಿಸಿದೆ. ಒಬ್ಬೊಬ್ಬನೂ ಒಳಗೆ ಹೋಗಿ 'ಅಣ್ಣಾ, ಉಲ್ಟಾ!' ಎಂದು ಕೂಗಿದ.

ಇದಕ್ಕಿಂತ ದೊಡ್ಡ ಮಾಯೆ ಹಲಸೂರಿನ ಸೋಮೇಶ್ವರ ದೇವಾಲಯದ ಎದುರು. ಪಾದದ ಬಳಿಯ ಚಪ್ಪಡಿಯ ಒರಟೂ ಸ್ಪಷ್ಟವಾಗಬೇಕು, ದೂರದ ಗೋಪುರದ ಬುಡವೂ ಸ್ಪಷ್ಟವಾಗಬೇಕು. ಮಾಮೂಲಿ ಕ್ಯಾಮೆರಾದಲ್ಲಿ ಒಂದನ್ನು ಹಿಡಿದರೆ ಇನ್ನೊಂದು ಮಂಜಾಗುತ್ತದೆ. ಇಲ್ಲಿ ಲೆನ್ಸನ್ನು ಕೊಂಚವೇ ಮುಂದಕ್ಕೆ ಬಾಗಿಸಿ, ಬರೀ ಕೆಲವು ಡಿಗ್ರಿ. ಫೋಕಸ್ಸಿನ ತಲವೇ ನೆಲದ ಮೇಲೆ ಮಲಗಿಬಿಡುತ್ತದೆ. ಕಾಲಬುಡದಿಂದ ಗುಡಿಯವರೆಗೆ ಅಂಗಳವೆಲ್ಲ ಹರಿತವಾಗಿ ಎದ್ದುಬರುತ್ತದೆ. ಫಿಲಂನ ತಲ, ಲೆನ್ಸಿನ ತಲ, ಎದುರಿನ ವಸ್ತುವಿನ ತಲ, ಈ ಮೂರೂ ಒಂದೇ ಗೆರೆಯಲ್ಲಿ ಕೂಡಿದರೆ ಹೀಗಾಗುತ್ತದೆ. 1904ರಲ್ಲಿ ಆಸ್ಟ್ರಿಯದ ಥಿಯೋಡೋರ್ ಶೈಮ್‌ಫ್ಲುಗ್ ಇದನ್ನು ಪೇಟೆಂಟಿನಲ್ಲಿ ವಿವರಿಸಿದ್ದರಿಂದ ಆ ನಿಯಮಕ್ಕೆ ಅವನದೇ ಹೆಸರು. ಅವನೂ ಸೇನೆಯವನೇ. ಪುಸ್ತಕದಲ್ಲಿ ಓದಿದಾಗ ಒಣ ರೇಖಾಗಣಿತ. ಗಾಜಿನ ಮೇಲೆ ಕಣ್ಣೆದುರೇ ನಡೆದಾಗ ಪವಾಡ.

ಫಿಲಂ ಎಲ್ಲಿ ಸಿಗುತ್ತದೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಇಂಗ್ಲೆಂಡಿನ ಇಲ್ಫರ್ಡ್, ಝೆಕ್ ದೇಶದ ಫೋಮಾ, ಅಮೆರಿಕದ ಕೊಡ್ಯಾಕ್ ಇನ್ನೂ ಶೀಟ್ ಫಿಲಂ ತಯಾರಿಸುತ್ತಿವೆ. ಒಂದೊಂದು ಹಾಳೆಯೂ ಬೆಲೆ ಬಾಳುತ್ತದೆ. ಒಂದು ಕಾಲದಲ್ಲಿ ನಮ್ಮ ಪಕ್ಕದ ಊಟಿಯಲ್ಲೇ, 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ಫಿಲಂ, ಕಾಗದ, ಎಕ್ಸ್‌ರೇ ಹಾಳೆ ಮಾಡುತ್ತಿತ್ತು; ಈಗ ಮುಚ್ಚಿದೆ. ಆದರೆ ಗುಟ್ಟು ಇರುವುದು ಆ ಪಟ್ಟಿಯ ಕೊನೆಯ ಹೆಸರಿನಲ್ಲಿ: ಎಕ್ಸ್‌ರೇ! ಮೂಳೆ ನೋಡಲು ಆಸ್ಪತ್ರೆಗಳು ಬಳಸುತ್ತಿದ್ದ ಅದೇ ಹಾಳೆ 8×10 ಇಂಚಿನ ಅಳತೆಯಲ್ಲೂ ಬರುತ್ತದೆ. ಆಸ್ಪತ್ರೆಗಳು ಡಿಜಿಟಲ್ ಆದರೂ ಆ ಹಾಳೆ ಇನ್ನೂ ಮಾರಾಟಕ್ಕಿದೆ, ಬೆಲೆಯೂ ಫೋಟೋ ಫಿಲಂಗಿಂತ ಎಷ್ಟೋ ಕಡಿಮೆ. ಲೋಕದ ಎಷ್ಟೋ ದೊಡ್ಡ ಕ್ಯಾಮೆರಾ ಹುಚ್ಚರು ಇವತ್ತು ಅದರಲ್ಲೇ ಚಿತ್ರ ತೆಗೆಯುತ್ತಾರೆ.

ಅದರ ಗುಣವೂ ವಿಚಿತ್ರ. ಹಸಿರು, ನೀಲಿ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಹಾಗಾಗಿ ಕೆಂಪು ದೀಪದ ಕೆಳಗೆ ಅದನ್ನು ಟ್ರೇಯಲ್ಲಿ ತೊಳೆಯಬಹುದು. ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು! ಎರಡೂ ಬದಿಗೆ ರಾಸಾಯನಿಕ ಲೇಪವಿರುವುದರಿಂದ ಬೇಗ ಗೀರು ಬೀಳುತ್ತದೆ, ಕೈ ಹಗುರವಾಗಿರಬೇಕು. ಮಾಮೂಲಿ ಶೀಟ್ ಫಿಲಂ ಆದರೆ ಪೂರ್ತಿ ಕತ್ತಲೆ ಬೇಕು. ರಾತ್ರಿ ಬಚ್ಚಲುಮನೆಯ ಬಾಗಿಲ ಸಂದಿಗೆ ಟವಲು ತುರುಕಿ, ಬೆರಳಿನಿಂದಲೇ ಹಾಳೆಯ ಅಂಚು ಸವರಿ, ಮೂಲೆಯಲ್ಲಿ ಕೊರೆದ ಪುಟ್ಟ ಕಚ್ಚು ಬಲಗಡೆ ಮೇಲೆ ಬಂದರೆ ಲೇಪದ ಬದಿ ನಮ್ಮ ಕಡೆಗಿದೆ ಎಂದು ತಿಳಿದು ಹೋಲ್ಡರಿಗೆ ಜಾರಿಸಬೇಕು. ಕುರುಡಾದ ಕೋಣೆಯಲ್ಲಿ ಬೆರಳುಗಳಿಗೆ ಕಣ್ಣು ಬರುತ್ತದೆ. ಫಿಲಂ ಬೇಡವೆಂದರೆ ಫೋಟೋ ಪ್ರಿಂಟಿನ ಕಾಗದವನ್ನೇ ಕತ್ತರಿಸಿ ನೆಗೆಟಿವ್ ಆಗಿ ಬಳಸಬಹುದು. ತುಂಬ ನಿಧಾನ, ಬೆಳಕು ಬಹಳ ಬೇಕು. ಆದರೆ ಕಾಗದದ ನೆಗೆಟಿವ್ ಕೈಗೆ ಬಂದ ಕ್ಷಣ ನಾವು ಟ್ರೈಪನ ಮೇಜಿನ ಎದುರೇ ಕೂತ ಹಾಗೆ.

ಕ್ಯಾಮೆರಾ ಕೂಡ ಕೊಳ್ಳಲೇಬೇಕೆಂದಿಲ್ಲ. ಪ್ಲೈವುಡ್ಡಿನ ಎರಡು ಪೆಟ್ಟಿಗೆ, ಒಂದರೊಳಗೊಂದು ಜಾರುವಂತೆ. ಮುಂದೆ ಭೂತಗನ್ನಡಿಯ ಲೆನ್ಸು. ಹಿಂದೆ ಕಿಟಕಿ ಗಾಜಿನ ತುಂಡನ್ನು ಕಾರ್ಬೊರಂಡಮ್ ಪುಡಿ, ನೀರು ಹಾಕಿ ಉಜ್ಜಿ ಮಸುಕಾಗಿಸಿದ ಪರದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಎರಡು ಗಜ ದಪ್ಪ ಕಪ್ಪು ಬಟ್ಟೆ. ಇಷ್ಟರಲ್ಲೇ ಆ ತಲೆಕೆಳಗಾದ ಲೋಕ ಮನೆಗೆ ಬಂತು.

ಆಮೇಲೆ ಬಿಸಿಲು ಇದ್ದೇ ಇದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್‌ಗೆ ಬೇಕಾದದ್ದು ಎರಡು ಕಬ್ಬಿಣದ ಲವಣ, ಒಳ್ಳೆಯ ಕಾಗದ, ಒಂದು ಗಾಜು. ಇಂದಿರಾನಗರದ ತಾರಸಿಯೊಂದರಲ್ಲಿ ಫೆಬ್ರುವರಿಯ ಬಿಸಿಲಿಗೆ 8×10ರ ನೆಗೆಟಿವ್ ಒತ್ತಿಟ್ಟು ಕಾಯುತ್ತಿದ್ದಾಗ ಸಿ.ಎಂ.ಎಚ್. ರಸ್ತೆಯ ಮೇಲೆ ಮೆಟ್ರೋ ರೈಲುಗಳು ಒಂದಾದ ಮೇಲೊಂದು ಹೋದವು. ಕಾಗದ ಹಳದಿ ಹಸಿರಿನಿಂದ ಬೂದಿ ಬಣ್ಣಕ್ಕೆ ತಿರುಗಿತು. ನಲ್ಲಿ ನೀರಿನಲ್ಲಿ ಅದ್ದಿದ ಕೂಡಲೇ ಹಳದಿಯೆಲ್ಲ ಹರಿದುಹೋಗಿ ಆಳವಾದ ನೀಲಿಯಲ್ಲಿ ಹಲಸೂರು ಕೆರೆ ಎದ್ದು ಬಂತು, ಈಗ ನೆಟ್ಟಗೆ, ಆಕಾಶ ಮೇಲೆ! ಕಾವೇರಿ ನೀರು, ಬೆಂಗಳೂರು ಬಿಸಿಲು, ಎರಡೇ. ನನಗೆ ಕುಣಿಯಬೇಕೆನಿಸಿತು.

ಆದರೂ ನನ್ನ ಮನಸ್ಸು ಹೆಚ್ಚು ಕಾಲ ನಿಂತಿರುವುದು ರಸೆಲ್ ಮಾರುಕಟ್ಟೆಯಲ್ಲಿ. 1927ರಲ್ಲಿ ಕಟ್ಟಿದ ಆ ಕಟ್ಟಡದ ಕಮಾನುಗಳೊಳಗೆ ಬೆಳಕು ಮೇಲಿನಿಂದ ಸೋಸಿ ಇಳಿಯುತ್ತದೆ. ಲೆನ್ಸಿನ ಕಿಂಡಿಯನ್ನು ಸಣ್ಣದು ಮಾಡಿದರೆ ಒಂದು ಚಿತ್ರಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಬೇಕು. ಆ ಹೊತ್ತಿನಲ್ಲಿ ಚೀಲ ಹಿಡಿದು ಓಡಾಡುವವರೆಲ್ಲ ಹಾಳೆಯ ಮೇಲೆ ಹೊಗೆಯಾಗಿ ಕರಗುತ್ತಾರೆ. ಕದಲದೆ ಕೂತ ವ್ಯಾಪಾರಿ, ಜೋಡಿಸಿಟ್ಟ ದಾಳಿಂಬೆ, ತೂಗುವ ತಕ್ಕಡಿಯ ಕಂಬ ಮಾತ್ರ ಕಲ್ಲಿನ ಹಾಗೆ ಉಳಿಯುತ್ತವೆ. 1850ರ ದಶಕದ ಫೋಟೋಗಳಲ್ಲಿ ಬೀದಿಗಳು ಯಾಕೆ ಖಾಲಿ ಖಾಲಿ ಎಂದು ನನಗೆ ಅರ್ಥವಾದದ್ದು ಅಲ್ಲೇ. ಬೀದಿ ಖಾಲಿಯಿರಲಿಲ್ಲ, ಜನ ನಿಲ್ಲಲಿಲ್ಲ, ಅಷ್ಟೇ.

ಮಾರುಕಟ್ಟೆಯ ಹೊರಗೆ ಹೂ ಕಟ್ಟುವ ಒಬ್ಬ ಅಮ್ಮನನ್ನು ಕೇಳಿಕೊಂಡೆ. ಒಪ್ಪಿದರು. ಬಟ್ಟೆಯೊಳಗೆ ಹೋಗಿ ಅವರ ಕಣ್ಣಿಗೆ ಫೋಕಸ್ ಮಾಡಿದೆ, ಭೂತಗನ್ನಡಿಯಲ್ಲಿ ರೆಪ್ಪೆಯ ಕೂದಲು ಕಂಡವು. ಶಟರ್ ಮುಚ್ಚಿ, ಕಿಂಡಿ ಸರಿಮಾಡಿ, ಫಿಲಂ ಇರುವ ಹೋಲ್ಡರ್ ಸೇರಿಸಿ, ಫಿಲಂ ಮುಚ್ಚಿದ್ದ ಡಾರ್ಕ್ ಸ್ಲೈಡ್ ಎಳೆದೆ. ಇಲ್ಲಿಂದಾಚೆಗೆ ಕ್ಯಾಮೆರಾದಲ್ಲಿ ನೋಡಲು ಏನೂ ಉಳಿದಿರುವುದಿಲ್ಲ, ಗಾಜಿನ ಜಾಗದಲ್ಲಿ ಫಿಲಂ ಕೂತಿದೆ. ಫೋಟೋಗ್ರಾಫರು ಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಲ್ಲಬೇಕು, ಎದುರಿಗಿರುವವರ ಮುಖವನ್ನು ಬರಿಗಣ್ಣಿನಿಂದ ನೋಡಬೇಕು. ಇಬ್ಬರ ನಡುವೆ ಯಾವ ಯಂತ್ರವೂ ಇಲ್ಲ! ಇಷ್ಟು ದೊಡ್ಡ ಕ್ಯಾಮೆರಾ ಕೊನೆಗೆ ಹೀಗೆ ಪಕ್ಕಕ್ಕೆ ಸರಿದು ನಿಲ್ಲುತ್ತದೆಂದು ನಾನು ಎಣಿಸಿರಲಿಲ್ಲ.

"ಕಣ್ಣು ಮಿಟುಕಿಸಬಾರದಾ ಅಣ್ಣಾ?"

"ಮಿಟುಕಿಸಿದರೂ ಪರವಾಗಿಲ್ಲಮ್ಮ, ತಲೆ ಅಲ್ಲಾಡಬಾರದು."

ಅವರು ಉಸಿರು ಬಿಗಿಹಿಡಿದರು. ನಾನೂ ಹಿಡಿದೆ. ಎರಡು ಸೆಕೆಂಡು. ಕೇಬಲ್ಲಿನ ಗುಂಡಿ ಬಿಟ್ಟಾಗ ಅವರು ನಕ್ಕ ನಗು ಫಿಲಂನಲ್ಲಿಲ್ಲ, ನನ್ನಲ್ಲಿದೆ.

ಪ್ರಿಂಟು ಒಯ್ದು ಕೊಟ್ಟೆ. ಅವರು ಮೊದಲು ಸೆರಗಿನಲ್ಲಿ ಕೈ ಒರೆಸಿಕೊಂಡರು. ಎಕ್ಸ್‌ರೇ ಹಾಳೆಯಲ್ಲಿ ಮಲ್ಲಿಗೆ ಹೊಳೆಯುವ ಬಿಳಿ, ಕನಕಾಂಬರ ಹೆಚ್ಚುಕಡಿಮೆ ಕಪ್ಪು, ಗುಲಾಬಿ ಪೂರ್ತಿ ಕಪ್ಪು.

"ನನ್ನ ಕುಂಕುಮ ಯಾಕೆ ಹಿಂಗೆ ಕಪ್ಪಗೆ ಬಂದದೆ?"

ಈ ಹಾಳೆಗೆ ಕೆಂಪು ಕಾಣುವುದಿಲ್ಲ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಆಗಲೇ ಚಿತ್ರವನ್ನು ಕಣ್ಣಿನ ಹತ್ತಿರ ತಂದು ಬೆರಳಿಟ್ಟು ನೋಡುತ್ತಿದ್ದರು. "ಅಯ್ಯೋ, ಬಳೆ ಎಣಿಸಬೌದಲ್ಲ! ದಾರದ ಗಂಟೂ ಕಾಣ್ತದೆ ನೋಡು." ಪಕ್ಕದ ಅಂಗಡಿಯವರನ್ನು ಕೂಗಿ ಕರೆದರು, ಅವರೂ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಸೊಸೇನೂ ಕೂರಿಸ್ತೀನಿ, ಇಬ್ರದೂ ಒಂದು ತೆಗಿ. ಶುಕ್ರವಾರ ಬರಬೇಡ, ಯಾಪಾರ ಜಾಸ್ತಿ. ಸೋಮವಾರ ಬಾ, ಆ ದೊಡ್ಡ ಪೆಟ್ಟಿಗೇನೇ ತಗೊಂಡು ಬಾ" ಎಂದರು.